ನಲವತ್ತೊಂದನೇ ನಂಬರಿನ ಗೈರುಹಾಜರಿ

ನಾನು ಕಲಾಪದ ನಡಾವಳಿಯನ್ನು ಹಿಂದಿನ ದಿನವೇ ಬರೆದಿಡುತ್ತಿದ್ದೆ. ಹೀಗೆ ಹೇಳಿಕೊಳ್ಳಲು ಈಗ ಹೆದರಿಕೆಯಿಲ್ಲ, ಪಿಂಚಣಿ ಮಂಜೂರಾಗಿದೆ. ನೈಲ್ ಬಯಲಿನ ನಮ್ಮ ಸಣ್ಣ ಪಟ್ಟಣದ ಕೌಟುಂಬಿಕ ನ್ಯಾಯಾಲಯದಲ್ಲಿ ಮೂವತ್ತೊಂದು ವರ್ಷ ಪೀಠದ ಗುಮಾಸ್ತನಾಗಿದ್ದೆ. ನ್ಯಾಯಾಧೀಶರ ಎಡಗಡೆ, ಒಂದು ಮೆಟ್ಟಿಲು ಕೆಳಗೆ, ಕಾಲು ಕುಂಟುವ ಮೇಜಿನ ಮುಂದೆ ಕೂತು, ಯಾರು ಬಂದರು, ಯಾರು ಬರಲಿಲ್ಲ, ಏನು ಆದೇಶವಾಯಿತು ಎಂದು ದಪ್ಪ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಪುಸ್ತಕದಲ್ಲಿ ಇದ್ದದ್ದು ನಡೆದದ್ದು. ಅದರಲ್ಲಿ ಇಲ್ಲದ್ದು ನಡೆದೇ ಇಲ್ಲ. ಇದು ನನ್ನ ಮಾತಲ್ಲ, ಕಾನೂನಿನ ಮಾತು.

ಒಂದು ಬೆಳಿಗ್ಗೆಗೆ ಅರವತ್ತು ದಾವೆ. ಗಂಡ ಬಂದಿಲ್ಲ, ವಾಯಿದೆ. ನೋಟಿಸು ತಲುಪಿಲ್ಲ, ವಾಯಿದೆ. ವಕೀಲರಿಗೆ ಹೊಟ್ಟೆನೋವು, ವಾಯಿದೆ. ಇಷ್ಟು ವರ್ಷ ಇದೇ ಹಾಡು ಕೇಳಿದವನಿಗೆ ನಾಳೆಯದು ಇಂದೇ ಗೊತ್ತಾಗದಿದ್ದರೆ ಅವನಂಥ ದಡ್ಡ ಇನ್ನೊಬ್ಬನಿಲ್ಲ. ಹಿಂದಿನ ಮಧ್ಯಾಹ್ನ ಕರಿ ಚಹಾ ತರಿಸಿಕೊಂಡು, ಖಚಿತವಾದ ಪುಟಗಳನ್ನು ತುಂಬಿ, ಸಂಶಯ ಇದ್ದವನ್ನು ಮಾತ್ರ ಖಾಲಿ ಬಿಡುತ್ತಿದ್ದೆ. ಬಾಗಿಲಲ್ಲಿ ನಿಂತು ಹೆಸರು ಕೂಗುವ ಜವಾನ ಹಾಜಿ ಆಶೂರ್ ನನ್ನನ್ನು ನೋಡಿ ನಗುತ್ತಿದ್ದ.

"ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲೀತಿದೀರಲ್ಲ, ಉಸ್ತಾದ್ ವಗ್ದಿ!"

"ಈ ಕೋರ್ಟಲ್ಲಿ ಕೂಸೇ ಹುಟ್ಟಲ್ಲ ಹಾಜಿ. ಕುಲಾವಿ ಒಂದೇ ಗಟ್ಟಿ," ಎನ್ನುತ್ತಿದ್ದೆ.

ಪ್ರತಿ ದಿನದ ಮೊದಲ ಸಾಲು ಹೀಗಿರುತ್ತಿತ್ತು: "ಮಾನ್ಯ ನ್ಯಾಯಾಧೀಶರು ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಪೀಠವನ್ನು ಅಲಂಕರಿಸಿದರು." ಕೊನೆಯ ಸಾಲು: "ಮಧ್ಯಾಹ್ನ ಎರಡು ಗಂಟೆಗೆ ಕಲಾಪ ಮುಕ್ತಾಯವಾಯಿತು." ನಮ್ಮ ನ್ಯಾಯಾಧೀಶ ರಿಫಾತ್ ಬೇ, ನಾವೆಲ್ಲ ಗೌರವಕ್ಕೆ ‘ಬಾಷಾ’ ಎಂದು ಕರೆಯುವವರು, ಕೈರೋದಿಂದ ರೈಲಿನಲ್ಲಿ ಬರುತ್ತಿದ್ದರು. ಪೀಠವನ್ನು ಅಲಂಕರಿಸುವಷ್ಟರಲ್ಲಿ ಹತ್ತಾಗುತ್ತಿತ್ತು, ಹನ್ನೊಂದೂವರೆಗೆ ಕಣ್ಣು ಗಡಿಯಾರದ ಮೇಲೆ. ಒಳ್ಳೆಯ ಮನುಷ್ಯ, ಲಂಚ ಮುಟ್ಟಿದವರಲ್ಲ, ಹೆಂಗಸರ ಮೇಲೆ ರೇಗಿದವರಲ್ಲ. ಆದರೆ ಸಹಿಯ ವಿಷಯಕ್ಕೆ ಬಂದರೆ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ನಾನು ಪುಟ ತಿರುವುತ್ತಿದ್ದೆ, ಅವರು ಗೀಚುತ್ತಿದ್ದರು.

ಆ ದಿನ ಜೂನ್ ಕೊನೆಯ ಕಲಾಪ. ಮರುದಿನದಿಂದ ಮೂರು ತಿಂಗಳು ಬೇಸಿಗೆ ರಜೆ. ಅಕ್ಟೋಬರಿಗೆ ರಿಫಾತ್ ಬೇ ಅಸ್ವಾನಿಗೆ ವರ್ಗ, ನಮಗೆ ಹೊಸಬರು.

ನಲವತ್ತೊಂದನೇ ನಂಬರು ನಗ್ಲಾ ಎಂಬಾಕೆಯದು. ಗಂಡನಿಂದ ಬಿಡುಗಡೆಯಾದವಳು, ಮಗಳು ಹಬೀಬಾ ಅವಳ ಹತ್ತಿರ. ಆದರೆ ಶಾಲೆಯ ಕಾಗದಕ್ಕೆ ಸಹಿ ಹಾಕುವ ಹಕ್ಕು ಅಪ್ಪನದೇ. ಆ ಪುಣ್ಯಾತ್ಮ, ಸಮೀಹ್ ಅಂತ ಹೆಸರು, ಮಗಳ ಕಡತವನ್ನೇ ಶಾಲೆಯಿಂದ ಎತ್ತಿಕೊಂಡು ಹೋಗಿ ಮನೆಯಲ್ಲಿ ಬೀಗ ಹಾಕಿ ಕೂತಿದ್ದ. "ನಗ್ಲಾ ನನ್ನ ಮನೆಗೆ ವಾಪಸ್ ಬರಲಿ, ಕಡತವೂ ಬರುತ್ತೆ" ಎಂಬ ಲೆಕ್ಕ. ಆ ಹಕ್ಕು ನನಗೆ ಕೊಡಿ ಎಂದು ನಗ್ಲಾಳ ಅರ್ಜಿ.

ಕಲಾಪದ ಹಿಂದಿನ ದಿನ ಈ ಸಮೀಹ್ ಒಂದು ಕಿಲೋ ಬಸ್ಬೂಸಾ ಹಿಡಿದು ನಮ್ಮ ಕೋಣೆಗೆ ಬಂದ. ತುಪ್ಪ ಜಿನುಗುವ ರವೆಯ ಬಸ್ಬೂಸಾ, ಮೇಲೊಂದೊಂದು ಬಾದಾಮಿ.

"ರಾಜಿ ಆಗೋಯ್ತು ಉಸ್ತಾದ್. ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ. ನಾಳೆ ಅವಳು ಬರಲ್ಲ. ಬಾಯಿ ಸಿಹಿ ಮಾಡ್ಕೊಳ್ಳಿ."

ಇದು ಲಂಚವಲ್ಲ, ಬಾಯಿ ಸಿಹಿ, ಎಂದು ನನಗೆ ನಾನೇ ಹೇಳಿಕೊಂಡೆ. ಹಾಜಿ ಮೂರು ತುಂಡು ತಿಂದ, ನಾನು ಎರಡು. ಆಮೇಲೆ ಬೆರಳು ಒರೆಸಿಕೊಂಡು ನಲವತ್ತೊಂದನೇ ಪುಟ ತುಂಬಿದೆ: "ಅರ್ಜಿದಾರಳನ್ನು ಮೂರು ಸಲ ಕೂಗಲಾಯಿತು. ಗೈರುಹಾಜರು. ಅರ್ಜಿ ವಜಾ."

ಮರುದಿನ ಅವಳು ಬಂದಳು. ಹಾಜಿಯ ಮೊದಲ ಕೂಗಿಗೇ ಪೀಠದ ಮುಂದೆ ನಿಂತಳು. ಈರುಳ್ಳಿ ಒಣಗಿಸುವ ಕಾರ್ಖಾನೆಯಲ್ಲಿ ಕೆಲಸ, ಅವಳಿಗಿಂತ ಮೊದಲು ಅವಳ ವಾಸನೆ ಬಂತು. ಮಾತು ಜೋರು. ನಾನು ತಲೆ ಎತ್ತದೆ, "ಸ್ವಲ್ಪ ಮೆತ್ತಗೆ ತಾಯಿ, ಇದು ತರಕಾರಿ ಸಂತೆ ಅಲ್ಲ" ಎಂದೆ. ನನ್ನ ಪೆನ್ನು ಆಗ ನಲವತ್ತನಾಲ್ಕರ ಖಾಲಿ ಪುಟದ ಮೇಲಿತ್ತು. ಬರೆದು ಮುಗಿಸಿದ ಪುಟದ ಕಡೆ ನನ್ನ ಮನಸ್ಸು ತಿರುಗುವುದಿಲ್ಲ, ಮೂವತ್ತೊಂದು ವರ್ಷದ ಚಾಳಿ. ರಿಫಾತ್ ಬೇ ಅವಳ ಮಾತು ಪೂರ್ತಿ ಕೇಳಿ, "ಆದೇಶ ಕಲಾಪದ ಕೊನೆಗೆ" ಎಂದರು. ಹನ್ನೊಂದೂವರೆಗೆ, ಆದೇಶ ಓದುವ ಗೋಜಿಗೆ ಹೋಗದೆ, ಅರವತ್ತು ಪುಟಕ್ಕೂ ಸಹಿ ಗೀಚಿ, ಚೀಲ ಹಿಡಿದು ಸ್ಟೇಷನ್ ದಾರಿ ಹಿಡಿದರು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಅವಳು ನನ್ನ ಕಿಟಕಿಗೆ ಬಂದಳು.

"ಉಸ್ತಾದ್, ನಲವತ್ತೊಂದು. ಏನಾಯ್ತು?"

ಪುಟ ತಿರುವಿ ಓದಿದೆ. "ವಜಾ. ಅರ್ಜಿದಾರಳು ಗೈರುಹಾಜರು."

"ಯಾರು ಗೈರು?"

"ಅರ್ಜಿದಾರಳು. ನಗ್ಲಾ ಅಂತ."

"ನಾನೇ ನಗ್ಲಾ."

"ನೀವು ಬಂದಿಲ್ಲ ಅಂತ ಇದೆ," ಎಂದೆ.

"ಬಂದಿಲ್ವಾ? ತರಕಾರಿ ಸಂತೆ ಅಲ್ಲ ಅಂತ ಯಾರಿಗಂದ್ರಿ? ಬರದೇ ಇರೋಳಿಗಾ?"

ಹಿಂದೆ ನಿಂತಿದ್ದ ಹಾಜಿ ಗಂಟಲು ಸರಿಮಾಡಿಕೊಂಡ. "ಬಸ್ಬೂಸಾ ಬಾಯಿಗೇನೋ ಸಿಹಿ, ಪುಸ್ತಕಕ್ಕೆ ಇರುವೆ ಹತ್ತಿತು ನೋಡಿ," ಎಂದ. ತಿಂದ ಮೂರು ತುಂಡು ಅವನಿಗೆ ಆಗಲೇ ಮರೆತಿತ್ತು.

ನಾನು ಗುಮಾಸ್ತನ ಬಾಯಿಯಲ್ಲೇ ಮಾತಾಡಿದೆ. ಸಹಿ ಬಿದ್ದಿದೆ ತಾಯಿ, ಅಕ್ಟೋಬರಲ್ಲಿ ಮತ್ತೆ ಅರ್ಜಿ ಹಾಕಿ, ಹೊಸ ನೋಟಿಸು ಹೋಗುತ್ತೆ, ಹೆಚ್ಚೆಂದರೆ ಫೆಬ್ರವರಿಯೊಳಗೆ ಆಗುತ್ತೆ.

"ಆಗಸ್ಟ್ ಒಳಗೆ ಕಡತ ಕೊಡ್ದಿದ್ರೆ ಶಾಲೆಯಿಂದ ಹೆಸರು ಹೋಗುತ್ತೆ," ಎಂದಳು. "ಆರನೇ ಕ್ಲಾಸು ಮೊದಲನೇ ಸ್ಥಾನದಲ್ಲಿ ಪಾಸಾಗಿದಾಳೆ ನನ್ನ ಹಬೀಬಾ. ಒಂದು ವರ್ಷ ಮನೇಲಿ ಕೂತ್ರೆ ಅವರಪ್ಪ ಅವಳನ್ನ ಹಳ್ಳಿಗೆ ಕರ್ಕೊಂಡು ಹೋಗ್ತಾನೆ. ಆಮೇಲೆ ಅವಳು ಓದಲ್ಲ ಉಸ್ತಾದ್, ನಂಗೊತ್ತು. ನನ್ನನ್ನೂ ಹಂಗೇ ಕೂರಿಸಿದ್ರು."

ಕಣ್ಣು ತುಂಬಿತ್ತು. ತೋಳಿನಿಂದ ಒರೆಸಿಕೊಂಡಳು. "ನಾನು ಅತ್ರೂ ಯಾರೂ ನಂಬಲ್ಲ, ಈರುಳ್ಳಿ ಅಂತಾರೆ. ಬಿಡಿ. ಅವನ ಮನೇಲಿ ಒಂಬತ್ತು ವರ್ಷ ನಾನು ಇದ್ರೂ ಇಲ್ದಂಗೆ ಇದ್ದೆ. ಸರ್ಕಾರನೂ ಹಂಗೇ ಅಂತ ಗೊತ್ತಿರ್ಲಿಲ್ಲ."

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಎಷ್ಟು ಜನರನ್ನು ಹೀಗೆ ಇಲ್ಲವಾಗಿಸಿದ್ದೆನೋ, ಅವರಲ್ಲಿ ಎಷ್ಟು ಜನ ಸುಮ್ಮನೆ ತಲೆಬಾಗಿ ಮನೆಗೆ ಹೋದರೋ, ನೆನೆದರೆ ಭಯವಾಯಿತು. ತಪ್ಪೊಪ್ಪಿಕೊಂಡರೆ ಅದಕ್ಕೆ ಸುಳ್ಳು ದಾಖಲೆ ಸೃಷ್ಟಿ ಎಂದು ಹೆಸರು; ಕೆಲಸವೂ ಪಿಂಚಣಿಯೂ ಒಟ್ಟಿಗೆ ನೀರುಪಾಲು. ಸುಮ್ಮನಿದ್ದರೆ ಆ ಹುಡುಗಿಯ ಓದು.

ಪುಸ್ತಕ ಮುಚ್ಚಲು ಹೋದೆ. ಕೊನೆಯ ಸಾಲು ಕಣ್ಣಿಗೆ ಬಿತ್ತು. "ಮಧ್ಯಾಹ್ನ ಎರಡು ಗಂಟೆಗೆ ಕಲಾಪ ಮುಕ್ತಾಯವಾಯಿತು." ಕೆಳಗೆ ರಿಫಾತ್ ಬೇ ಸಹಿ.

ಗಡಿಯಾರ ನೋಡಿದೆ. ಹನ್ನೆರಡು.

ನಮ್ಮ ಕಾನೂನಿನಲ್ಲಿ ಒಂದು ಮಾತಿದೆ: ಗೈರಾದವರು ಕಲಾಪ ಮುಗಿಯುವುದರೊಳಗೆ ಬಂದು ನಿಂತರೆ, ಗೈರಿನ ಮೇಲೆ ಮಾಡಿದ ಆದೇಶ ಆಗಿಯೇ ಇಲ್ಲವೆಂದು ತಿಳಿಯತಕ್ಕದ್ದು. ನಗ್ಲಾ ಬಂದಿಲ್ಲ ಎಂಬ ಸುಳ್ಳು ನನ್ನದೇ. ಕಲಾಪ ಇನ್ನೂ ನಡೆಯುತ್ತಿದೆ ಎಂಬ ಸುಳ್ಳೂ ನನ್ನದೇ. ಮೊದಲನೆಯದು ಕಾನೂನಾದರೆ ಎರಡನೆಯದೂ ಕಾನೂನೇ.

"ಹಾಜಿ, ಮೊಹರು ಎಲ್ಲಿ?" ಎಂದು ಕೂಗಿದೆ. ಹದ್ದಿನ ಚಿತ್ರದ ಸರ್ಕಾರಿ ಮೊಹರನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಪುಸ್ತಕ ಕಂಕುಳಲ್ಲಿ ಅವುಚಿಕೊಂಡು ಓಡಿದೆ. "ಬನ್ನಿ ತಾಯಿ, ಇನ್ನೂ ನಿಮ್ಮ ದಾವೆ ನಡೀತಿದೆ."

ಟುಕ್‌ಟುಕ್‌ನವನು ಕಿವಿ ಹರಿಯುವಂತೆ ಮದುವೆ ಹಾಡು ಹಾಕಿಕೊಂಡು ಸಂತೆ ಬೀದಿಯಲ್ಲಿ ನುಗ್ಗಿಸಿದ. ದಾರಿಯುದ್ದಕ್ಕೂ ರೈಲು ತಡವಾಗಿರಲಿ ಎಂದು ದೇವರಲ್ಲಿ ಬೇಡಿಕೊಂಡೆ. ಅದು ದೇವರಿಗೆ ಅಷ್ಟೇನೂ ಕಷ್ಟದ ಕೆಲಸವಾಗಿರಲಿಲ್ಲ. ರಿಫಾತ್ ಬೇ ಪ್ಲಾಟ್‌ಫಾರ್ಮಿನ ಚಹಾ ಅಂಗಡಿಯ ಮುಂದೆ ಚೀಲ ಕಾಲ ಮೇಲಿಟ್ಟುಕೊಂಡು, ಚಹಾ ಊದುತ್ತ ಕೂತಿದ್ದರು.

"ಏನು ವಗ್ದಿ, ಏನಾದ್ರೂ ಮರೆತು ಬಂದ್ನಾ?"

"ಮರೆತಿದ್ದು ನಾನು ಬಾಷಾ." ಎಲ್ಲವನ್ನೂ ಹೇಳಿದೆ, ಬಸ್ಬೂಸಾ ಸಮೇತ.

ಅವರ ಮುಖ ಕೆಂಪಾಯಿತು. "ನಿನಗೆ ತಲೆ ನೆಟ್ಟಗಿದೆಯೇನೋ? ನಾನು ಸಹಿ ಹಾಕಿದೀನಿ! ಕಲಾಪ ಮುಗಿದಿದೆ. ಹೋಗು, ಅಕ್ಟೋಬರಲ್ಲಿ ಹೊಸಬರು ನೋಡ್ಕೊಳ್ತಾರೆ."

"ಕಲಾಪ ಮುಗಿದಿಲ್ಲ ಬಾಷಾ."

"ಮುಗಿದಿಲ್ವಾ? ಹಾಗಾದ್ರೆ ನಾನಿಲ್ಲಿ ಏನ್ ಮಾಡ್ತಿದೀನಿ?"

"ಅದನ್ನ ಕೇಳೋಷ್ಟು ದೊಡ್ಡವನಲ್ಲ ನಾನು. ಪುಸ್ತಕದ ಪ್ರಕಾರ ತಾವು ಪೀಠದ ಮೇಲಿದೀರಿ. ಎರಡು ಗಂಟೆ ತನಕ." ಕೊನೆಯ ಪುಟ ಬಿಚ್ಚಿ ಅವರ ಚೀಲದ ಮೇಲಿಟ್ಟೆ.

ಅವರು ಓದಿದರು. ಇನ್ನೊಮ್ಮೆ ಓದಿದರು. "ಆ ಎರಡು ಗಂಟೆ ಅನ್ನೋದನ್ನ ಹೊಡೆದು ಹಾಕು."

"ಹಾಕ್ತೀನಿ ಬಾಷಾ. ಪಕ್ಕದಲ್ಲಿ ಕಾರಣ ಬರೆದು ತಮ್ಮ ಸಹಿ ಬೇಕು. ಏನಂತ ಬರೀಲಿ? ‘ಮಾನ್ಯ ನ್ಯಾಯಾಧೀಶರಿಗೆ ರೈಲಿಗೆ ಹೊತ್ತಾಗಿದ್ದರಿಂದ’ ಅಂತಲಾ?"

ನಾನು ಅಷ್ಟು ಸೊಕ್ಕಿನ ಮಾತನ್ನು ನನ್ನ ಜನ್ಮದಲ್ಲಿ ಯಾವ ನ್ಯಾಯಾಧೀಶರಿಗೂ ಆಡಿರಲಿಲ್ಲ. ರಿಫಾತ್ ಬೇ ಚಹಾ ಕೆಳಗಿಟ್ಟು, ನಗ್ಲಾಳ ಕಡೆ ತಿರುಗಿ ನೋಡಿದರು.

"ಇವಳು ಬೆಳಿಗ್ಗೆ ಬಂದಿದ್ದಳಲ್ಲ," ಎಂದರು ಮೆಲ್ಲಗೆ. "ಈರುಳ್ಳಿ ವಾಸನೆ." ಚೀಲ ತಡಕಿ ತಮ್ಮ ಸ್ವಂತ ಪಟ್ಟಿ ತೆಗೆದರು. ನ್ಯಾಯಾಧೀಶರು ಪೀಠದ ಮೇಲೆ ತಮ್ಮ ನೆನಪಿಗೆ ಗುರುತು ಹಾಕಿಕೊಳ್ಳುವ ಪಟ್ಟಿ ಅದು. ನಲವತ್ತೊಂದರ ಮುಂದೆ ಅವರ ಕೈಯಲ್ಲೇ ಬರೆದಿತ್ತು: "ಮಂಜೂರು."

ಪಟ್ಟಿ ಒಂದು ಕೈಯಲ್ಲಿ, ಪುಸ್ತಕ ಇನ್ನೊಂದು ಕೈಯಲ್ಲಿ. ಒಂದರಲ್ಲಿ ಕೊಟ್ಟಿದ್ದರು, ಒಂದರಲ್ಲಿ ಕಸಿದಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬೇಲಿಗೆ ಅದು ಗೊತ್ತೇ ಇರಲಿಲ್ಲ.

"ಹಾಗಾದ್ರೆ ಬೆಳಿಗ್ಗೆನೇ ಗೆದ್ದಿದ್ನಾ ಬಾಷಾ ನಾನು?" ಎಂದಳು ನಗ್ಲಾ.

"ಗೆದ್ದಿದ್ದೆಯಮ್ಮ," ಎಂದರು ರಿಫಾತ್ ಬೇ. "ಬಂದಿರಲಿಲ್ಲ, ಅಷ್ಟೇ."

ಯಾರೂ ನಗಲಿಲ್ಲ, ಹೇಳಿದ ಅವರೂ ನಗಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತರು. ಆದೇಶವನ್ನು ಬಹಿರಂಗವಾಗಿ, ಸಾರ್ವಜನಿಕರ ಮುಂದೆ ಓದಬೇಕೆಂಬ ನಿಯಮವಿದೆ. ಅದಕ್ಕೇನೂ ಕೊರತೆಯಿರಲಿಲ್ಲ: ಚಹಾದವನು, ಕೋಳಿಬುಟ್ಟಿ ಹಿಡಿದ ಇಬ್ಬರು ಮುದುಕಿಯರು, ರಜೆಯ ಮೇಲೆ ಹೊರಟ ಒಬ್ಬ ಸಿಪಾಯಿ. ಅಷ್ಟೂ ಜನರ ಮುಂದೆ, ಮಗಳ ಶಾಲೆಯ ಎಲ್ಲ ಕಾಗದಕ್ಕೂ ಸಹಿ ಹಾಕುವ ಹಕ್ಕು ತಾಯಿಗೆ ಸೇರಿದ್ದೆಂದು ಗಟ್ಟಿಯಾಗಿ ಹೇಳಿದರು.

"ಬಾಷಾ, ನಂದೂ ಒಂದ್ ಕೇಸಿದೆ," ಎಂದ ಚಹಾದವನು. "ಕೋರ್ಟ್ ನಡೆಸ್ತಾನೇ ಇದೀರಲ್ಲ, ಅದನ್ನೂ ಮುಗಿಸಿಬಿಡಿ."

"ನೀನು ಚಹಾ ಕಾಯಿಸು," ಎಂದರು ಬೇ.

ಬೆಂಚಿನ ಮೇಲೆ ಪುಸ್ತಕವಿಟ್ಟು, ನೆಲದಲ್ಲಿ ಮಂಡಿಯೂರಿ ಬರೆಯತೊಡಗಿದೆ. "ಕಲಾಪ ಮುಗಿಯುವ ಮುನ್ನ ಅರ್ಜಿದಾರಳು ನ್ಯಾಯಾಲಯದ ಸಭಾಂಗಣದಲ್ಲಿ ಹಾಜರಾದಳು." ಇದಾದರೂ ಕಣ್ಣಾರೆ ಕಂಡು ಬರೆಯುವ ಪುಟ ಎಂದುಕೊಂಡೆ, ಆದರೆ ಅದರ ಮೊದಲ ಸಾಲಿನಲ್ಲೇ ಪ್ಲಾಟ್‌ಫಾರ್ಮು ಸಭಾಂಗಣವಾಗಿ ಹೋಯಿತು. ಮೊಹರು ಒತ್ತಲು ಕೈ ಎತ್ತಿದಾಗ ನಗ್ಲಾ ಪುಸ್ತಕದ ಮೇಲೆ ಅಂಗೈ ಇಟ್ಟಳು.

"ಬೆಳಿಗ್ಗೆ ಏಳರಿಂದ ಇದ್ದೆ ಅಂತ ಬರೀರಿ."

"ಆದೇಶ ನಿಮ್ಮ ಕಡೆನೇ ಆಗಿದೆಯಲ್ಲ ತಾಯಿ. ಅದೆಲ್ಲ ಬರೆಯೋ ಪದ್ಧತಿ ಇಲ್ಲ."

"ಈಗ ಬಂದೆ ಅಂತ ಬರೆದ್ರೆ ಬೆಳಿಗ್ಗೆ ನಾನಿರ್ಲಿಲ್ಲ ಅನ್ನೋದು ಹಂಗೇ ಉಳಿಯುತ್ತೆ. ನಾನಿದ್ದೆ. ಅರ್ಧ ದಿನದ ಕೂಲಿ ಬಿಟ್ಟು ಬಂದು ನಿಂತಿದ್ದೆ. ಬರೀರಿ."

ನಾನು ಬೇ ಮುಖ ನೋಡಿದೆ. ದೂರದಲ್ಲಿ ರೈಲು ಕೂಗಿತು. ಅವರು ಹಳಿಯ ಕಡೆ ತಿರುಗಿದರು. ಅಲ್ಲಿಗೆ ಅದು ನನ್ನ ತಲೆಗೇ ಬಂತು. ಬರೆದೆ: "ಅರ್ಜಿದಾರಳಾದ ನಗ್ಲಾ ಬೆಳಿಗ್ಗೆ ಏಳು ಗಂಟೆಯಿಂದ ನ್ಯಾಯಾಲಯದಲ್ಲಿಯೇ ಇದ್ದಳು. ಗೈರುಹಾಜರು ಎಂದು ಮೊದಲು ಬರೆದದ್ದು ಗುಮಾಸ್ತನ ತಪ್ಪು." ಕೆಳಗೆ ನನ್ನ ಪೂರ್ತಿ ಹೆಸರು. ಆ ಸಾಲನ್ನು ಯಾವ ಮೇಲಧಿಕಾರಿಯೂ ಇದುವರೆಗೆ ಓದಿಲ್ಲ, ಅದಕ್ಕೇ ಪಿಂಚಣಿ ಉಳಿದಿದೆ.

ರೈಲು ಬಂದು ನಿಂತಿತು. ರಿಫಾತ್ ಬೇ ಸಹಿಗೆ ಪೆನ್ನು ತೆಗೆದರು, ಗೀಚಲಿಲ್ಲ. ಜನ ನೂಕಾಡಿ ಹತ್ತುತ್ತಿದ್ದರೂ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದರು. ಆಮೇಲೆ ಸಹಿ ಹಾಕಿ, ಚೀಲ ಎದೆಗವುಚಿಕೊಂಡು ಓಡಿ, ಚಲಿಸುವ ಡಬ್ಬಿಗೆ ಹತ್ತಿದರು. ನಾನು ಮೊಹರು ಒತ್ತಿದೆ.

ನಗ್ಲಾ ಬೆಂಚಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಅಕ್ಷರದ ಕೆಳಗೆ ಬೆರಳು ಎಳೆಯುತ್ತ ಆ ಸಾಲನ್ನು ಓದಿದಳು. ಓದು ಬಿಟ್ಟು ಬಹಳ ಕಾಲವಾಗಿದ್ದವಳು, ತಡವಾಯಿತು. ನಾನು ಕಾದೆ. ಕೊನೆಗೆ ಬೆರಳು ಹಿಂದಕ್ಕೆ ಅವಳ ಹೆಸರಿನ ಹತ್ತಿರ ಬಂದು ನಿಂತಿತು.

"ಇದೀನಿ," ಎಂದಳು.