ಹನ್ನೊಂದು ಕಿಲೋದ ಮೀನು

ಫೋಟೋ ಚೌಕಟ್ಟಿನ ಹಿಂದಿನ ಮೊಳೆಗಳನ್ನು ಉಮಾಪತಿ ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ಎಬ್ಬಿಸುತ್ತಿದ್ದ. ಮೂರು ಬಂದವು, ನಾಲ್ಕನೆಯದು ಜಪ್ಪಯ್ಯ ಅಂದರೂ ಕದಲಲಿಲ್ಲ.

ಮುಂದಿನ ಕೋಣೆಯಲ್ಲಿ ರುದ್ರಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ. ನಿನ್ನೆ ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮದ್ದುಗುಂಡು ತಯಾರಿಸುವ ಅಂಬಾಝರಿ ಆರ್ಡನನ್ಸ್ ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲಿದ್ದ ಕನ್ನಡದವರೆಲ್ಲ ಅಂಗಳದಲ್ಲಿ ನಿಂತಿದ್ದರು.

"ಅಣ್ಣಾರ, ಆತೇನ್ರಿ?" ರುದ್ರಪ್ಪನ ಹೆಂಡತಿ ಕಲಾವತಿ ಬಾಗಿಲಿಗೆ ಬಂದಳು. ಅತ್ತು ಅತ್ತು ದನಿ ಕೂತಿತ್ತು. "ಅಯ್ಯಾರು ಕಾಮಠಿಯಿಂದ ಬರಾಕತ್ತಾರ. ಲಿಂಗವಂತರ ಮನ್ಯಾಗ, ಸತ್ತವರ ಫೋಟೋದಾಗ ಮೀನ ಕಂಡ್ರ ಏನಂದಾರು? ಬ್ಯಾರೆ ಚಲೋ ಫೋಟೋ ಒಂದೂ ಇಲ್ಲ. ಮೀನ ಕತ್ತರಿಸಿ, ಅವರ ಮಾರಿ ಅಷ್ಟ ಚೌಕಟ್ಟಿನಾಗ ಕೂಡಿಸಿ ಕೊಡ್ರಿ."

"ಕತ್ತರಿ ಕೊಡ್ರಿ, ವೈನಿ."

ಕತ್ತರಿ ಕೈಗೆ ಬಂದಾಗ ಉಮಾಪತಿಗೆ ಒಳಗೊಳಗೇ ಹಿತವಾಯಿತು. ಗೆಳೆಯ ಸತ್ತ ದಿನ ಹಿತವಾಗಬಾರದು, ಆದರೆ ಆಯಿತು. ಆ ಮೀನು ಗೋಡೆಯಿಂದ ಇಳಿಯಲೆಂದು ನಾಲ್ಕು ವರ್ಷ ಕಾದಿದ್ದವನು ಅವನು.

*

ಇಬ್ಬರೂ ಧಾರವಾಡದ ಕಡೆಯಿಂದ ನೌಕರಿಗೆಂದು ಈ ಮರಾಠಿ ಸೀಮೆಗೆ ಬಂದವರು. ಇಬ್ಬರೂ ಫ್ಯಾಕ್ಟರಿಯಲ್ಲಿ ಅಳತೆ ನೋಡಿ ಮಾಲು ಪಾಸು ಮಾಡುವವರು. ಕಿಸೆಯಲ್ಲಿ ಸದಾ ಆರಿಂಚಿನ ಉಕ್ಕಿನ ಸ್ಕೇಲು. ಕೈಗೆ ಒಂದೇ ದಿನ ಸೊಸೈಟಿಯಲ್ಲಿ ಕೊಂಡ, ಒಂದೇ ನಮೂನೆಯ ಎಚ್‌ಎಂಟಿ ಗಡಿಯಾರ. ಹುಚ್ಚೂ ಒಂದೇ: ಭಾನುವಾರ ಸೈಕಲ್ ಹತ್ತಿ ಕೋರಾಡಿ ಕೆರೆಗೆ ಹೋಗಿ ಗಾಳ ಹಾಕುವುದು.

ಲಿಂಗ ಕಟ್ಟಿದವರು ಗಾಳ ಹಿಡಿಯುವುದೆಂದರೇನು! ತಿನ್ನುವಂತಿಲ್ಲ, ಮನೆಗೆ ತರುವಂತಿಲ್ಲ. ಹಿಡಿಯುವುದು, ಕಣ್ತುಂಬ ನೋಡುವುದು, ನೀರಿಗೆ ಬಿಡುವುದು. ಆಮೇಲೆ ಮಿಂದು, ಕೋರಾಡಿ ದೇವಿಯ ಕುಂಕುಮ ಹಚ್ಚಿಕೊಂಡು, ಗುಡಿಗೆ ಹೋಗಿದ್ದೆವೆಂದು ಹೆಂಡಿರಿಗೆ ಹೇಳುವುದು. ಅಲ್ಲಿನ ಬೆಸ್ತರು ಇವರನ್ನು ಕಂಡರೆ 'ಪಾಗಲ್' ಎಂದು ನಗುತ್ತಿದ್ದರು.

ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಉಮಾಪತಿಯ ಗಾಳಕ್ಕೆ ದೊಡ್ಡ ಕಟ್ಲಾ ಮೀನು ಬಿತ್ತು. ಉದ್ದ ಅವನೇ ಅಳೆದ: ಮೂವತ್ತನಾಲ್ಕು ಇಂಚು. ಕೊಕ್ಕೆಯ ತಕ್ಕಡಿಗೆ ಸಿಕ್ಕಿಸಿ ಎತ್ತಿ ಹಿಡಿದವನೂ ಅವನೇ. ತಕ್ಕಡಿಯ ಮುಳ್ಳು ನೋಡಿ ತೂಕ ಓದಿದವನು ರುದ್ರಪ್ಪ.

"ಹನ್ನೆರಡು ಕಿಲೋ! ಬರೋಬರ್ ಹನ್ನೆರಡು!"

ಮೀನು ನೀರಿಗೆ ಹೋಯಿತು. ಫೋಟೋ ಇಲ್ಲ, ಗೀಟೋ ಇಲ್ಲ, ರುದ್ರಪ್ಪನೊಬ್ಬನೇ ಸಾಕ್ಷಿ. ಫ್ಯಾಕ್ಟರಿಯಲ್ಲಿ ಯಾರು ಕೇಳಿದರೂ ಉಮಾಪತಿ ಎರಡು ಅಂಗೈ ಎದುರುಬದುರು ಹಿಡಿದು ತೋರಿಸುತ್ತಿದ್ದ. ಮೂವತ್ತನಾಲ್ಕು, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರುತ್ತಿರಲಿಲ್ಲ.

ಎಂಬತ್ತೆರಡರಲ್ಲಿ ಹೊಸ ಯಂತ್ರದ ತರಬೇತಿಗೆ ಒಬ್ಬನನ್ನು ಇಂಗ್ಲೆಂಡಿಗೆ ಕಳಿಸುವುದೆಂದಾಯಿತು. ಪಟ್ಟಿಯಲ್ಲಿ ಮೊದಲ ಹೆಸರು ಉಮಾಪತಿಯದು. ಹೆಂಡತಿ ಸತ್ಯಭಾಮಾ ಸ್ವೆಟರ್ ಹೆಣೆದೂ ಆಗಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ. ಸಾಹೇಬರು ಇಂಗ್ಲಿಷ್ ಚೆನ್ನಾಗಿದೆಯೆಂದು ರುದ್ರಪ್ಪನನ್ನು ಆರಿಸಿದರು. "ಹೆಂಗೂ ಹೆಣದೈತಿ, ಒಯ್ಯಲಿ ಬಿಡ್ರಿ" ಎಂದು ಸತ್ಯಭಾಮಾ ಸ್ವೆಟರನ್ನೂ ಅವನಿಗೇ ಕೊಟ್ಟುಬಿಟ್ಟಳು.

ಆರು ತಿಂಗಳಿಗೆ ರುದ್ರಪ್ಪ ಮೀನು ಹಿಡಿದು ನಿಂತ ಫೋಟೋದೊಂದಿಗೆ ಮರಳಿದ.

"ಉಮಾಪತೀ, ಅಲ್ಲೆ ಎಲ್ಲಾರೂ ನಮ್ಮಂಥಾ ಹುಚ್ಚರೋ! ಕಾರ್ಪ್ ಅಂತ ಮೀನ. ಡೇರೆ ಹಾಕ್ಕೊಂಡು ಎರಡೆರಡ ದಿನ ಕಾಯ್ತಾರ, ತೂಕ ಮಾಡ್ತಾರ, ಫೋಟೋ ತೆಗೀತಾರ, ಮತ್ತ ನೀರಿಗೆ ಬಿಡ್ತಾರ!"

"ಇದು ಎಷ್ಟ ತೂಗ್ತು?"

"ಹನ್ನೊಂದು. ನಿನ್ನ ಹನ್ನೆರಡಕ್ಕ ಮುಟ್ಟಲಿಲ್ಲ, ಮಾರಾಯಾ."

ಫೋಟೋ ಗೋಡೆಗೇರಿತು, ಹೆಂಡಿರೆದುರು ಭಾನುವಾರದ ಗುಟ್ಟೂ ರಟ್ಟಾಯಿತು. ವಿಲಾಯತಿಯ ಫೋಟೋ ಎಂಬ ಹೆಮ್ಮೆಗೆ ಕಲಾವತಿ ಸುಮ್ಮನಾದಳು. ಕಾಲನಿಯವರೆಲ್ಲ ಬಂದು ಬಾಯಿ ಬಿಟ್ಟುಕೊಂಡು ನೋಡಿ ಹೋದರು. ಕೋರಾಡಿಯ ಕಟ್ಲಾ ಯಾರಿಗೂ ಬೇಡವಾಯಿತು. ಅಂದು ಹತ್ತಿದ ಹೊಟ್ಟೆಯುರಿ ಉಮಾಪತಿಗೆ ಆರಲೇ ಇಲ್ಲ. ಹನ್ನೊಂದೆಲ್ಲಿ ಬಂತು, ಎಂಟಿದ್ದೀತು. ಕ್ಯಾಮೆರಾದ ಕಡೆ ಕೈ ಚಾಚಿ ದೊಡ್ಡದು ಮಾಡಿದ್ದಾನೆ ಕಳ್ಳ ಎಂದು ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದ.

*

ನಾಲ್ಕನೆಯ ಮೊಳೆಯೂ ಬಂತು. ಗಾಜು ಸರಿಸಿ ಫೋಟೋ ಹೊರಗೆಳೆದ. ಉಮಾಪತಿಯ ಸ್ವೆಟರ್ ತೊಟ್ಟು, ತೋಳು ಮೇಲೇರಿಸಿ, ಮೀನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ರುದ್ರಪ್ಪ ನಗುತ್ತಿದ್ದ. ಮುಂಗೈಯ ಗಡಿಯಾರ ಮೀನಿನ ಹೊಟ್ಟೆಗೆ ತಾಗಿಕೊಂಡೇ ಇತ್ತು.

ಉಮಾಪತಿಯ ಕೈ ತಾನಾಗಿ ಕಿಸೆಗೆ ಹೋಗಿ ಸ್ಕೇಲು ತೆಗೆಯಿತು. ಗಡಿಯಾರವೂ ಮೀನೂ ಕ್ಯಾಮೆರಾಕ್ಕೆ ಒಂದೇ ದೂರ. ಗಡಿಯಾರದ ನಿಜವಾದ ಅಳತೆ ತನ್ನ ಕೈಮೇಲೆಯೇ ಇತ್ತು: ಮೂವತ್ತೈದು ಮಿಲಿಮೀಟರ್. ಫೋಟೋದಲ್ಲಿ ಅದು ಐದು. ಮೀನು ನೂರ ನಲವತ್ತೈದು. ಅಂದರೆ ಇಪ್ಪತ್ತೊಂಬತ್ತು ಗಡಿಯಾರ ಸಾಲಾಗಿ ಇಟ್ಟಷ್ಟು ಉದ್ದ. ಸುಳ್ಳು ಸಿಕ್ಕಿಬಿತ್ತು ಎಂದುಕೊಂಡೇ ಗುಣಿಸಿದ. ತಪ್ಪಿರಬೇಕೆಂದು ಮತ್ತೊಮ್ಮೆ ಅಳೆದ.

ನಲವತ್ತು ಇಂಚು.

ನಲವತ್ತು ಇಂಚಿನ, ಇಷ್ಟು ಹೊಟ್ಟೆಯಿರುವ ಮೀನು ಹನ್ನೊಂದು ಕಿಲೋ ತೂಗುವುದಿಲ್ಲ. ಹದಿನೆಂಟಕ್ಕೆ ಕಡಿಮೆಯಿಲ್ಲ. ರುದ್ರಪ್ಪ ಸುಳ್ಳು ಹೇಳಿದ್ದು ನಿಜ. ಗೆಳೆಯನ ಹನ್ನೆರಡು ಮೇಲೇ ಇರಲೆಂದು ಏಳು ಕಿಲೋ ಕಡಿಮೆ ಹೇಳಿದ್ದ.

ಹಾಗಾದರೆ ಕೋರಾಡಿಯಲ್ಲಿ ಆ ಹನ್ನೆರಡನ್ನು ಓದಿದವನೂ ಇವನೇ ಅಲ್ಲವೇ?

ಉಮಾಪತಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ದೊಡ್ಡ ಮೀನೂ ಇವನದೇ, ದೊಡ್ಡ ಮನಸ್ಸೂ ಇವನದೇ. ಜಗಳಾಡೋಣವೆಂದರೆ ವಿಭೂತಿ ಬಳಿದುಕೊಂಡು ಗೋಡೆಗೆ ಒರಗಿ ಕೂತಿದ್ದಾನೆ! ಕತ್ತರಿಯನ್ನು ಕಿಟಕಿಯಲ್ಲಿಟ್ಟ. ಫೋಟೋವನ್ನು ರುದ್ರಪ್ಪನ ಕೊರಳ ಕೆಳಗೆ ಹಿಂದಕ್ಕೆ ಮಡಚಿ ಚೌಕಟ್ಟಿಗೆ ಸೇರಿಸಿದ. ಮುಖ ಮಾತ್ರ ಕಾಣುತ್ತಿತ್ತು, ಮೀನು ಹಿಂದೆ ಇಡಿಯಾಗಿಯೇ ಉಳಿಯಿತು.

*

ಮಸಣದಲ್ಲಿ ರುದ್ರಪ್ಪನನ್ನು ಗುಂಡಿಯೊಳಗೆ ಕೂರಿಸಿದ್ದಾಯಿತು. ಅಯ್ಯನವರು ಬಿಲ್ವಪತ್ರೆ ಹಾಕುತ್ತಿದ್ದರು. ಬೆಳಗಿನ ರೈಲಿಗೆ ಸೊಲ್ಲಾಪುರದಿಂದ ಬಂದಿದ್ದ ರುದ್ರಪ್ಪನ ತಮ್ಮ ಸೋಮಣ್ಣ ಉಮಾಪತಿಯ ಪಕ್ಕದಲ್ಲಿ ನಿಂತು ಮೂಗು ಒರೆಸಿಕೊಂಡ.

"ಉಮಾಪತಿ ಅಣ್ಣಾ, ಇಂಗ್ಲೆಂಡಿನಾಗ ನಮ್ಮಣ್ಣ ಒಂದ ಮೀನ ಹಿಡದಿದ್ನಂತಲ್ರಿ. ನಾ ನೋಡೇ ಇಲ್ಲ. ಕಾಗದದಾಗ ಬರೇ ನಿಮ್ಮ ಮೀನಿನ ಸುದ್ದಿ ಬರೀತಿದ್ದ. ಅವಂದು ಸಣ್ಣದಿತ್ತೇನ್ರಿ?"

ಸುತ್ತ ನಿಂತವರು ತಿರುಗಿ ನೋಡಿದರು. ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಸಾಕ್ಷಿ ಗುಂಡಿಯಲ್ಲಿದ್ದ, ಮೀನು ಚೌಕಟ್ಟಿನ ಹಿಂದಿತ್ತು.

ಉಮಾಪತಿ ಎರಡೂ ಕೈ ಎತ್ತಿದ. ಅಂಗೈಗಳು ರೂಢಿಯಂತೆ ಮೂವತ್ತನಾಲ್ಕಕ್ಕೆ ಬಂದು ನಿಂತವು. ತುಸು ಹೊತ್ತು ಅಲ್ಲೇ ನಿಂತವು. ಆಮೇಲೆ ಬಲಗೈ ಮೆಲ್ಲಗೆ ಆಚೆ ಸರಿಯಿತು: ಒಂದಿಂಚು, ಎರಡು, ಆರು.

"ಮಣ್ಣ ಹಾಕ್ರಿ" ಎಂದರು ಅಯ್ಯನವರು. ಎಲ್ಲರೂ ಬಗ್ಗಿ ಹಿಡಿಮಣ್ಣು ತೆಗೆದುಕೊಂಡರು. ಉಮಾಪತಿ ಮಾತ್ರ ಕೈಗಳನ್ನು ಹಾಗೆಯೇ ಹಿಡಿದುಕೊಂಡು ನಿಂತಿದ್ದ.