ಅವ್ವ ಬಂದ ಗಾಡಿ

೧೯೫೫ರಲ್ಲಿ ಕೆಂಗೇರಿಯ ಚಿಕ್ಕಹನುಮಯ್ಯ ಹಳೇ ಕಾಲದ ಮೈಸೂರು ರೈಲಿನ ಪುಟ್ಟ ಮಾದರಿ ಮಾಡಲು ಹೊರಟ. ಆಗಿನ ಮೂರನೇ ಕ್ಲಾಸ್ ಡಬ್ಬಿಯ ಬಣ್ಣ ಕೇಳಿದರೆ ಊರವರು ತಲೆಗೊಂದು ಹೇಳಿ ಜೀವ ತಿಂದರು. ಕೊನೆಗೆ, ಅದೇ ಡಬ್ಬಿಯಲ್ಲಿ ಮದುವಣಗಿತ್ತಿಯಾಗಿ ಬಂದಿದ್ದ ಅವ್ವ ನರಸಮ್ಮನನ್ನೇ ಹಿಡಿದ.

“ಹೊಸ ಹೆಣ್ಣು ತಲೆ ಎತ್ತೋದುಂಟೇನೋ? ನಾನು ನೋಡಿದ್ದು ನೆಲ ಒಂದೇ. ಹಲಗೆ ಮಧ್ಯೆ ಸಂದಿತ್ತು, ಕೆಳಗೆ ಜಲ್ಲಿಕಲ್ಲು ಓಡ್ತಿತ್ತು.”

ನೆಲವನ್ನು ಹಾಗೇ ಮಾಡಿ, ಮಿಕ್ಕಿದ್ದಕ್ಕೆ ತೋಚಿದ ಬಣ್ಣ ಬಳಿದು ತಂದಿಟ್ಟ.

ನೆಲ ಒಂದನ್ನೇ ನೋಡಿದ್ದವಳು, “ಈ ಗಾಡಿ ಅಲ್ವೇ ಅಲ್ಲ,” ಅಂದುಬಿಟ್ಟಳು.

ಸಿಟ್ಟು ನೆತ್ತಿಗೇರಿ ಚಿಕ್ಕಹನುಮಯ್ಯ ಡಬ್ಬಿಯ ಚಾವಣಿ ಕಿತ್ತೆಸೆದ.

ಅವ್ವ ಬಗ್ಗಿ ಒಳಗೆ ನೋಡಿದಳು. ಕೈ ತಾನಾಗಿ ಸೆರಗನ್ನು ತಲೆಗೆಳೆಯಿತು.

“ಹೂಂ ಕಣೋ, ಇದೇ. ನಿಮ್ಮಪ್ಪನ ಕಾಲು ಇಲ್ಲಿತ್ತು.”