ನಿಲ್ಲದೆ ಹೋದ ಕೂಸು

ಮೂರು ತಿಂಗಳು ತುಂಬುವ ಮೊದಲೇ ಗರ್ಭ ಹೋಯಿತು. ಅವಳದು ಸಣ್ಣದೊಂದು ಬ್ಯೂಟಿ ಪಾರ್ಲರ್. ಬೆಳಗಿನಿಂದ ಸಂಜೆವರೆಗೆ ಕುರ್ಚಿಯ ಹಿಂದೆ ನಿಂತೇ ಕೆಲಸ. ನೋಡಲು ಬಂದವರೆಲ್ಲ "ಪಾಪ" ಅಂದು, ಆಮೇಲೆ ಮೆಲ್ಲಗೆ ಅವಳ ಕಾಲು ನೋಡುತ್ತಿದ್ದರು. ಅಷ್ಟೇ ಸಾಕಾಯಿತು. ಅವಳು ಕತ್ತರಿ ಮುಟ್ಟಲಿಲ್ಲ. ಅಂಗಡಿ ಬಾಗಿಲು ಎಳೆದದ್ದು ಎಳೆದಂತೇ ಇತ್ತು.

ವೆಲ್ಡಿಂಗ್ ಮಾಡುವ ಗಂಡನಿಗೆ ಸಮಾಧಾನದ ಮಾತು ಬರದು. ತಲೆ ಬಾಚಿಕೊಡಲು ಕೂತು, ಜಡೆ ಹೆಣೆಯಲು ಹೋಗಿ ಗಂಟು ಮಾಡಿಟ್ಟ.

"ನಿನ್ನ ಕೈಗೆ ಕಬ್ಬಿಣಾನೇ ಸರಿ," ಎಂದು ನಕ್ಕಳು. ನಗುನಗುತ್ತಲೇ ಅತ್ತುಬಿಟ್ಟಳು.

ಹೋದ ಪಿಂಡವನ್ನು ಪರೀಕ್ಷೆಗೆ ಕಳಿಸಿದ್ದರು. ರಿಪೋರ್ಟ್ ಬಂದ ದಿನ ಗಂಡ ಹೆಂಡತಿ ಹೊರಟಾಗ ಅತ್ತೆ, "ನಾನೂ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿಕೊಂಡರು.

ಡಾಕ್ಟರಮ್ಮ ಅವಸರ ಮಾಡಲಿಲ್ಲ. "ತಾಯಿಯಿಂದ ಇಪ್ಪತ್ತಮೂರು, ತಂದೆಯಿಂದ ಇಪ್ಪತ್ತಮೂರು ಕ್ರೋಮೋಸೋಮ್ ಬರಬೇಕು. ಮಗು ಹೇಗೆ ಬೆಳೀಬೇಕು ಅನ್ನೋದೆಲ್ಲ ಅದರಲ್ಲಿರುತ್ತೆ. ಈ ಕೂಸಿಗೆ ಹದಿನಾರನೇ ಕ್ರೋಮೋಸೋಮ್ ಎರಡಿರಬೇಕಾದ ಕಡೆ ಮೂರು ಬಂದಿತ್ತು. ಸಾಮಾನ್ಯವಾಗಿ ಅಂಡ ತಯಾರಾಗೋವಾಗ್ಲೇ ಹಂಚಿಕೆ ತಪ್ಪಿರುತ್ತೆ. ಅಂಥ ಭ್ರೂಣ ಸ್ವಲ್ಪ ಬೆಳೆದು ನಿಂತುಹೋಗುತ್ತೆ. ಶುರುವಿನಲ್ಲೇ ಹೋಗೋ ಗರ್ಭಗಳಲ್ಲಿ ಹತ್ತಿರ ಹತ್ತಿರ ಅರ್ಧ ಇಂಥ ಕಾರಣಕ್ಕೇ."

"ಅಂಡ ಅಂದ್ರೆ... ನನ್ನಿಂದಾನೇ ಅಲ್ವಾ?"

"ನಿಮ್ಮೊಳಗೆ ಆಯ್ತು. ನೀವು ಮಾಡಿದ್ದಲ್ಲ."

"ದಿನವೆಲ್ಲ ನಿಂತಿರ್ತಿದ್ದೆ..."

"ಹಾಸಿಗೆ ಬಿಟ್ಟು ಏಳದೇ ಇದ್ದಿದ್ರೂ ಇದೇ ಆಗ್ತಿತ್ತು. ಮುಂದಿನ ಸಲವೂ ಹೀಗೇ ಅಂತೇನಿಲ್ಲ."

ಗೋಡೆ ಬದಿಯಿಂದ ಅತ್ತೆಯ ದನಿ ಬಂತು. "ನಾನೊಂದು ಕೇಳ್ಲಾ? ಇವನು ಹುಟ್ಟೋಕೆ ಮುಂಚೆ ನಂಗೂ ಒಂದು ಹೋಗಿತ್ತು, ಎರಡು ತಿಂಗಳಿಗೆ. ಬಸ್ಸು ಪೂರ್ತಿ ನಿಲ್ಲೋ ಮೊದಲೇ ಇಳಿದುಬಿಟ್ಟಿದ್ದೆ. ಅದಕ್ಕೇ ಹೋಯ್ತು ಅಂದ್ಕೊಂಡು..."

ಡಾಕ್ಟರಮ್ಮ ಕನ್ನಡಕ ತೆಗೆದರು. "ಅವತ್ತು ಪರೀಕ್ಷೆ ಆಗಿಲ್ವಲ್ಲ, ಇದೇ ಕಾರಣ ಅಂತ ಹೇಳೋಕಾಗಲ್ಲ. ಆದ್ರೆ ಬಸ್ಸಿಂದ ಇಳಿದಿದ್ದಕ್ಕೆಲ್ಲ ಗರ್ಭ ಹೋಗಲ್ಲಮ್ಮಾ."

ಅತ್ತೆ ತಲೆಯಾಡಿಸಿದರು. ಮತ್ತೆ ಮತ್ತೆ ಆಡಿಸಿದರು.

"ಅಮ್ಮಾ, ನಂಗೆ ಹೇಳೇ ಇಲ್ವಲ್ಲ," ಎಂದ ಮಗ.

"ಯಾರಿಗೆ ತಾನೇ ಹೇಳಿದ್ದೆ?"

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅತ್ತೆ ಅಲ್ಲೇ ಕುಸಿದು ಕೂತರು. ಮಗ ನೀರು ತರಲು ಓಡಿದ. ಸೊಸೆ ಪಕ್ಕದಲ್ಲಿ ಕೂತು, ಆ ಒರಟು ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಅತ್ತೆ, ಆ ಕೂಸನ್ನ ಏನಂತ ಕರೀತಿದ್ರಿ?"

"ಪುಟ್ಟಿ ಅಂತ. ಮನಸ್ಸಲ್ಲೇ. ನೀನು?"

"ಕಡ್ಲೆಕಾಳು."

ಅತ್ತೆಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು. ನೀರಿನ ಬಾಟಲಿ ಹಿಡಿದು ಬಂದ ಗಂಡ, ಇವರು ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದೆ, ತಾನೇ ಗಟಗಟ ಕುಡಿದುಬಿಟ್ಟ.

ಕೆಲವು ದಿನ ಬಿಟ್ಟು ಪಾರ್ಲರ್ ತೆರೆಯಿತು. ಮೊದಲು ಕುರ್ಚಿ ಹತ್ತಿದವರು ಅತ್ತೆ.

ಮರುವರ್ಷ ಸೊಸೆ ಮತ್ತೆ ಬಸುರಾದಳು. ಭಯ ಹೋಗಿರಲಿಲ್ಲ; ಸ್ಕ್ಯಾನಿಂಗ್‌ಗೆ ಮೂವರೂ ಹೋಗಿ, ಎದೆಬಡಿತ ಕೇಳುವವರೆಗೆ ಉಸಿರು ಬಿಗಿಹಿಡಿದರು. ದಿನ ತುಂಬಿ ಹೆಣ್ಣುಮಗು ಹುಟ್ಟಿತು. ನೋಡಲು ಬಂದ ಪಕ್ಕದ ಮನೆಯಾಕೆ, "ಚೊಚ್ಚಲು, ಅಲ್ವಾ?" ಎಂದು ಕೇಳಿದಳು.

ಬಾಣಂತಿ ಬಾಯಿ ತೆರೆಯುವ ಮೊದಲೇ, ಮಗುವಿನ ಬಟ್ಟೆ ಮಡಚುತ್ತಿದ್ದ ಅತ್ತೆ ಹೇಳಿದರು: "ಅಲ್ಲ, ಎರಡನೇದು."